ಹನಿ ಬಿದ್ದ ಜಾಗ, ಸೋರಿದ ಜಾಗ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಮಕ್ಕಳನ್ನು ಕರೆದೊಯ್ಯುವ ವಾಹನದ ಕೆಳಗೊಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳದಾರಿಗಳಲ್ಲಿ ಎರಡು ಮೂರು ಮನೆಯವರು ಸೇರಿ ತಮ್ಮ ಮಕ್ಕಳನ್ನು ಒಂದೇ ಹಳೆಯ ಕಾರಿನಲ್ಲಿ ಕನ್ನಡ ಶಾಲೆಗೆ ಕಳುಹಿಸುವುದುಂಟು. ಮುರಕಲ್ಲಿನ ಏರುತಗ್ಗಿನಲ್ಲಿ ಅಂತಹ ಕಾರಿನ ಹೊಟ್ಟೆ ನೆಲಕ್ಕೆ ತಾಗದೆ ಇರುವುದು ಅಪರೂಪ. ತಾಗಿದಾಗ ಪೆಟ್ಟು ತಿನ್ನುವುದು ಎಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿ. ಪುಸ್ತಕದಲ್ಲಿ ಅದು ಸಂಪ್, ಗ್ಯಾರೇಜಿನಲ್ಲಿ ಚೇಂಬರ್. (ವಕೀಲರಿಗೆ ಚೇಂಬರ್ ಎಂದರೆ ಬೇರೆಯೇ; ಅಲ್ಲಿ ಸೋರುವುದು ಮಾಡಿನ ನೀರು ಮಾತ್ರ.)

ಸಣ್ಣ ಕಾರಿನ ಈ ತೊಟ್ಟಿಯಲ್ಲಿರುವುದು ಸುಮಾರು 3 ಲೀಟರ್ ಎಣ್ಣೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಳ್ಳುವುದು ಎಣ್ಣೆ ತುಸು ಕಡಿಮೆಯಾದಾಗಲ್ಲ, ಎಣ್ಣೆಯ ಒತ್ತಡವೇ ಕುಸಿದಾಗ. ಆ ದೀಪ ಕಂಡ ಮೇಲೂ 'ಇನ್ನೇನು ಶಾಲೆ ಬಂತು' ಎಂದು ಓಡಿಸಿದರೆ ಎಂಜಿನ್ನೇ ಕೈಬಿಡಬಹುದು. ಅಲ್ಲಿಯೇ ನಿಲ್ಲಿಸಬೇಕು. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡುವವರಿಗೆ ಈ ಗತಿ ಬರುವುದು ಕಡಿಮೆ.

ಅಂಗಳದಲ್ಲಿ ಎಣ್ಣೆಯ ಹನಿ ಕಂಡೊಡನೆ 'ಚೇಂಬರ್ ಹೋಯಿತು' ಎಂಬ ತೀರ್ಪು ಹೊರಬೀಳುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ತೊಟ್ಟಿಯು ಎಂಜಿನಿನ ಅತ್ಯಂತ ಕೆಳಗಿನ ಭಾಗ. ಮೇಲೆ ಎಲ್ಲಿ ಸೋರಿದರೂ ಎಣ್ಣೆ ಇಳಿದು ಬಂದು ಅದರ ಅಂಚಿನಿಂದಲೇ ತೊಟ್ಟಿಕ್ಕಬಹುದು. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಒತ್ತಡ ತಿಳಿಸುವ ಸ್ವಿಚ್, ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್ ಇವೆಲ್ಲ ಶಂಕಿತರೇ. ಮಾಲು ಸಿಕ್ಕಿದ ಮನೆಯವನೇ ಕಳ್ಳನೆಂದು ಯಾವ ನ್ಯಾಯಾಲಯವೂ ವಿಚಾರಣೆಯಿಲ್ಲದೆ ಹೇಳದು. ನನ್ನಲ್ಲಿಗೆ ಬಂದ ಕಕ್ಷಿದಾರರೊಬ್ಬರು, ಇಬ್ಬರು ಶಾಲಾಮಕ್ಕಳ ತಂದೆ, ಒಂದೇ ವರ್ಷದಲ್ಲಿ ಎರಡು ಬಾರಿ ಚೇಂಬರ್ ಬಿಚ್ಚಿಸಿ ಪ್ಯಾಕಿಂಗ್ ಬದಲಿಸಿದ್ದರು. ಸೋರುತ್ತಿದ್ದುದು ಟ್ಯಾಪೆಟ್ ಕವರ್.

ವಿಚಾರಣೆಯ ಕ್ರಮ ಕಷ್ಟದ್ದಲ್ಲ. ಎಂಜಿನಿನ ಮೈಯನ್ನು ಚೆನ್ನಾಗಿ ಒರೆಸಿ ಒಣಗಿಸಿ, ಸಂಶಯವಿರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಕಾಲು ಗಂಟೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸಿದರೆ ಬಿಳಿ ಪುಡಿಯ ಮೇಲೆ ಎಣ್ಣೆ ಬಂದ ದಾರಿ ಕಪ್ಪಾಗಿ ಮೂಡುತ್ತದೆ. ಆ ಗೆರೆಯ ಮೇಲ್ತುದಿಯೇ ಮೂಲ. ಕಾರಿನಡಿಗೆ ನುಗ್ಗುವವರು ಜಾಕನ್ನು ಮಾತ್ರ ನಂಬಬಾರದು. ಸ್ಟ್ಯಾಂಡ್ ಇಲ್ಲವಾದರೆ ಆ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಕ್ಷೇಮ.

ದೋಷ ತೊಟ್ಟಿಯದೇ ಎಂದು ಖಚಿತವಾದರೆ ಮೊದಲು ಡ್ರೈನ್ ಬೋಲ್ಟ್ ನೋಡಬೇಕು. ಎಣ್ಣೆ ಬದಲಿಸುವಾಗಲೆಲ್ಲ ಅದರ ವಾಷರನ್ನೂ ಬದಲಿಸುವುದು ಸರಿಯಾದ ಕ್ರಮ. ಕೆಲವೇ ರೂಪಾಯಿಯ ಆ ಬಳೆಯನ್ನು ಉಳಿಸಲು ಹೋಗಿ, ಬೋಲ್ಟನ್ನು ಮತ್ತಷ್ಟು ಬಿಗಿದು, ಅಲ್ಯುಮಿನಿಯಂ ತೊಟ್ಟಿಯ ಥ್ರೆಡ್ಡನ್ನೇ ಹಾಳುಮಾಡುವವರುಂಟು. ಅಂಚಿನಿಂದ ಸೋರುವಾಗಲೂ ಅದೇ ಹಟ: ಸುತ್ತಲಿನ ಸಣ್ಣ ಬೋಲ್ಟುಗಳನ್ನು ಬಲವಾಗಿ ತಿರುಗಿಸಿದರೆ ತಗಡಿನ ಅಂಚು ಬೋಲ್ಟಿನ ಸುತ್ತ ಬಾಗಿ, ನಡುವೆ ಸಂದು ಬಿಟ್ಟು, ಸೋರಿಕೆ ಹೆಚ್ಚುತ್ತದೆ. ತೊಟ್ಟಿಯನ್ನು ಬಿಚ್ಚಿ, ಹಳೆಯ ಪ್ಯಾಕಿಂಗನ್ನು ಪೂರ್ತಿ ಕೆರೆದು, ಬಾಗಿದ ಅಂಚನ್ನು ನೆಟ್ಟಗೆ ಮಾಡಿ, ಎರಡೂ ಮೈಗಳಲ್ಲಿ ಎಣ್ಣೆಯ ಪಸೆ ಉಳಿಯದಂತೆ ಒರೆಸಿದ ಬಳಿಕವೇ ಹೊಸತನ್ನು ಕೂರಿಸಬೇಕು. ಪ್ಯಾಕಿಂಗಿನ ಬದಲು ಸಿಲಿಕೋನ್ ಅಂಟು ಬಳಸುವ ಎಂಜಿನ್ನಾದರೆ ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಎಳೆ ಸಾಕು. ಹೆಚ್ಚಾದ ಅಂಟು ಒಳಕ್ಕೆ ಜಾರಿ, ತುಂಡಾಗಿ, ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಬಹುದು. ಆಗ ಸೋರಿಕೆ ನಿಲ್ಲುತ್ತದೆ, ಎಂಜಿನ್ನೂ ನಿಲ್ಲುತ್ತದೆ. ಒಣಗುವ ಅವಧಿ ಟ್ಯೂಬಿನ ಮೇಲೆಯೇ ಇರುತ್ತದೆ, ಅದು ಮುಗಿಯುವ ಮೊದಲು ಎಣ್ಣೆ ತುಂಬಬಾರದು. ಕಲ್ಲು ಬಡಿದು ಒಳಸರಿದ ತಳ ಸೋರದಿದ್ದರೂ ಅಪಾಯವೇ, ಏಕೆಂದರೆ ಅದು ಜಾಲರಿಯ ಬಾಯಿಗೆ ಒತ್ತಿಕೊಂಡರೆ ಪಂಪಿಗೆ ಎಣ್ಣೆ ಸಾಲದು. ಎಂ-ಸೀಲ್ ಮೆತ್ತುವುದು ಗ್ಯಾರೇಜು ತಲಪುವವರೆಗಿನ ಉಪಾಯ, ಅಷ್ಟೆ.

ಇಳಿಸಿದ ಹಳೆಯ ಎಣ್ಣೆಯನ್ನು ತೋಟದ ಮೂಲೆಗೆ ಚೆಲ್ಲುವವರಿದ್ದಾರೆ. ಬಳಸಿದ ಎಣ್ಣೆಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ ಎಂಬುದು ಒತ್ತಟ್ಟಿಗಿರಲಿ. ಮುರಕಲ್ಲಿನೊಳಗೆ ಇಳಿದ ನೀರೇ ನಮ್ಮ ಬಾವಿಗೂ ಸುರಂಗಕ್ಕೂ ಬರುವುದು. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಕೊಡಬೇಕು.

ಇನ್ನು ಬಿಲ್ಲಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವೆಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಮಾಡಬೇಕಾದಂತೆ ಮಾಡದ ದುರಸ್ತಿ ಸೇವಾ ನ್ಯೂನತೆ. ಜಿಲ್ಲಾ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ನಮ್ಮವರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆದ ಜಾಬ್ ಕಾರ್ಡಿಗೆ ಓದದೆ ಸಹಿ ಹಾಕುತ್ತಾರೆ. ಅದರಲ್ಲಿ 'ಆಯಿಲ್ ಲೀಕ್' ಎಂಬ ಎರಡು ಪದಗಳಿದ್ದರೆ ಹೆಚ್ಚು. ಮೇಲೆ ಹೇಳಿದ ಕಕ್ಷಿದಾರರ ಬಳಿ ಹಣ ಕೊಟ್ಟುದಕ್ಕೆ ಸಾಕ್ಷ್ಯವಿತ್ತು, ಯಾವ ಕೆಲಸಕ್ಕೆಂದು ಕೊಟ್ಟರೆಂಬುದಕ್ಕೆ ಇರಲಿಲ್ಲ. ಎಲ್ಲಿಂದ ಸೋರುತ್ತಿದೆ, ಏನನ್ನು ಬದಲಿಸಲು ಒಪ್ಪಿದ್ದೇವೆ ಎಂದು ಸಹಿಯ ಮೇಲ್ಗಡೆ ಕನ್ನಡದಲ್ಲಿಯೇ ಎರಡು ಸಾಲು ಬರೆಯಲು ಅಡ್ಡಿಯಿಲ್ಲ. ಆ ಕಾರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಕಾರು ಬಿಡಿಸಿಕೊಳ್ಳುವಾಗ ತೆಗೆದ ಹಳೆಯ ಪ್ಯಾಕಿಂಗನ್ನೂ ಕೇಳಿ ಪಡೆಯಿರಿ.