ಸ್ಟೆಂಟ್ ಅಳವಡಿಕೆಯ ನಂತರದ ಜ್ವರ

ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂತಹ ಕಡೆಗಳಲ್ಲಿ ಸ್ಟೆಂಟ್ ಅಳವಡಿಕೆ ಇಂದು ನಿತ್ಯದ ಚಿಕಿತ್ಸೆ. ಹಾಗೆಂದೇ, ಮನೆಗೆ ಮರಳಿದ ಮೇಲೆ ಬರುವ ಜ್ವರವನ್ನು ನಾವು ಹಗುರವಾಗಿ ಕಾಣುತ್ತೇವೆ. ಸ್ಟೆಂಟಿಗೆ ಸೋಂಕು ತಗಲುವುದು ಅತಿ ವಿರಳ, ನಿಜ, ತಗುಲಿದರೆ ಪ್ರಾಣಾಪಾಯ. ಬಹುಪಾಲು ಪ್ರಸಂಗಗಳಲ್ಲಿ ಕಾರಣ, ನಮ್ಮ ಚರ್ಮ ಮತ್ತು ಮೂಗಿನಲ್ಲಿಯೇ ನೆಲೆಸಬಲ್ಲ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ರಕ್ತನಾಳದ ಗೋಡೆಯನ್ನು ಶಿಥಿಲಗೊಳಿಸಿ ಉಬ್ಬಿಸುತ್ತದೆ. ಕೀವು ಹೃದಯದ ಹೊದಿಕೆಗೂ ಹಬ್ಬಬಹುದು. ಔಷಧದಂಗಡಿಯಿಂದ ತಂದ ಎರಡು ಆಂಟಿಬಯಾಟಿಕ್ ಮಾತ್ರೆ ಇದನ್ನು ಗುಣಪಡಿಸದು. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣುವನ್ನು ಮರೆಮಾಡೀತು, ಅಷ್ಟೇ. ಚಳಿಜ್ವರ, ಎದೆನೋವು, ತೊಡೆಸಂದು ಅಥವಾ ಮಣಿಕಟ್ಟಿನ ಗಾಯದಲ್ಲಿ ಕೀವು ಕಂಡರೆ ಸ್ಟೆಂಟ್ ಹಾಕಿದ ವೈದ್ಯರ ಬಳಿಗೇ ಹೋಗಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಆಸ್ಪತ್ರೆಗಳು ಬಿಡುಗಡೆ ಪತ್ರದಲ್ಲಿ ಇಷ್ಟನ್ನು ಕನ್ನಡದಲ್ಲಿ ಬರೆದುಕೊಡಬೇಕೆಂಬುದು ನಮ್ಮ ಆಗ್ರಹ.