ಬೆನ್ನುನೋವೆಂದು ಅಲಕ್ಷಿಸದಿರಿ

ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಯಲ್ಲಿ ದುಡಿದವನಿಗೂ ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿಯ ಹೊಲದಲ್ಲಿ ಕಳೆ ಕಿತ್ತವಳಿಗೂ ಬೆನ್ನುನೋವು ಹೊಸದಲ್ಲ. ದುಡಿಮೆಯಿಂದ ಬಂದ ನೋವು ಸಾಮಾನ್ಯವಾಗಿ ಮಲಗಿದರೆ ತಗ್ಗುತ್ತದೆ. ಮಲಗಿದಾಗಲೇ ಹೆಚ್ಚಿ ನಡುರಾತ್ರಿ ಎಬ್ಬಿಸುವ ನೋವಾದರೆ, ಕಾಲು ಜೋಮು ಹಿಡಿದು ಬಲಗುಂದುತ್ತಿದ್ದರೆ, ಬೆನ್ನುಹುರಿಯನ್ನು ಗಡ್ಡೆಯೊಂದು ಒತ್ತುತ್ತಿರಬಹುದು. ಇದು ಅಪರೂಪ, ಆದರೆ ಅಲಕ್ಷ್ಯಕ್ಕೆ ತಕ್ಕುದಲ್ಲ. ಮೂತ್ರದ ಹಿಡಿತ ತಪ್ಪಿದರಂತೂ ಒಂದು ದಿನವೂ ತಡೆಯಬಾರದು.

1887ರಲ್ಲಿ ಲಂಡನ್ನಿನ ವೈದ್ಯ ಗೋವರ್ಸ್ ಲಕ್ಷಣಗಳಿಂದಲೇ ಇಂಥ ಗಡ್ಡೆಯ ನೆಲೆಯನ್ನು ಊಹಿಸಿದರು. ಶಸ್ತ್ರವೈದ್ಯ ಹಾರ್ಸ್ಲಿ ಅದನ್ನು ತೆಗೆದರು. ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ರೋಗಿ ಮತ್ತೆ ನಡೆದನು. ಇಂದು ಎಂ.ಆರ್.ಐ. ಚಿತ್ರವೇ ಆ ನೆಲೆಯನ್ನು ತೋರಿಸುತ್ತದೆ. ಬೆನ್ನೆಲುಬಿನ ಹಿಂಬದಿಯ ಕಮಾನನ್ನು ತೆರೆದು, ಸೂಕ್ಷ್ಮದರ್ಶಕದ ನೆರವಿನಿಂದ ಗಡ್ಡೆಯನ್ನು ಬಿಡಿಸುತ್ತಾರೆ. ಪೊರೆಯೊಳಗೆ, ಹುರಿಯ ಹೊರಗೆ ಬೆಳೆಯುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ಕಾಲಿನ ಬಲ ಪೂರ್ತಿ ಉಡುಗಿ ಬಹಳ ದಿನ ಕಳೆದರೆ, ಗಡ್ಡೆ ತೆಗೆದರೂ ಅದು ಮರಳುವ ಭರವಸೆ ಕಡಿಮೆ. ಹೊತ್ತು ತರುವವರೆಗೆ ಕಾಯದೆ, ನಡೆಯಬಲ್ಲಾಗಲೇ ವೈದ್ಯರಲ್ಲಿಗೆ ಹೋಗುವುದು ಲೇಸು.