ಬಡಾವಣೆಯ ಗಾಳಿ ಬೆಳಕು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಕಾಲಿಟ್ಟ ತರುವಾಯ, ಇಕ್ಕಟ್ಟಾದ ಪೇಟೆಯನ್ನು ತೊರೆದ ಅನೇಕ ಕುಟುಂಬಗಳು ನೂತನ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲಸಿದುವು. ಅಲ್ಲಿ ಬೀದಿಗಳು ನೇರ. ಮನೆಗಳ ಸುತ್ತ ಬಯಲು. ಹಿತ್ತಿಲ ಹಿಂದೆ ಕಸ ಸಾಗಿಸಲು ಪ್ರತ್ಯೇಕವಾದ ಓಣಿ. ಬಸವನಗುಡಿಯ ಗೃಹಿಣಿಗೆ ಗಾಂಧಿಬಜಾರಿನ ಹೂಹಣ್ಣುಗಳೂ, ವೃದ್ಧರಿಗೆ ಕಹಳೆಬಂಡೆಯ ತಂಗಾಳಿಯೂ, ಮಕ್ಕಳಿಗೆ ಕೃಷ್ಣರಾವ್ ಉದ್ಯಾನದ ನೆರಳೂ ಇಂದಿಗೂ ಕಾಲ್ನಡಿಗೆಯಲ್ಲಿಯೇ ದೊರೆಯುತ್ತವೆ.

ಆದರೆ ಹಳೆಯ ಮನೆಯನ್ನು ಕೆಡವಿ, ಅಂಗಳವನ್ನೂ ಸೇರಿಸಿಕೊಂಡು ಮಹಡಿಯ ಮೇಲೆ ಮಹಡಿಯನ್ನೇರಿಸುವುದು ಈಗ ರೂಢಿಯಾಗುತ್ತಿದೆ. ಬಾಡಿಗೆ ಬರುವುದೇನೋ ನಿಜ; ನೆರೆಮನೆಯ ಬಿಸಿಲು ಹೋಗುವುದೂ ಅಷ್ಟೇ ನಿಜ. ಹಿರಿಯರು ಪ್ರಾಣಹಾನಿಯಿಂದ ಕಲಿತ ಪಾಠವನ್ನು ನಾವು ನೆಲದಾಸೆಯಿಂದ ಮರೆಯಬಾರದು. ಮನೆ ಕಟ್ಟಿಸುವ ಗೃಹಸ್ಥರು ಒಂದು ಮರಕ್ಕೂ, ಪಕ್ಕದವರ ಕಿಟಕಿಗೂ ಎಡೆಯುಳಿಸಬೇಕೆಂದು ಬಿನ್ನವಿಸುತ್ತೇವೆ.